ಕಡ್ಡಿ ಎಳೆದು ಮೂಸುತ್ತಿದ್ದ ಖಾಜಾ ಮಿಸ್ತ್ರಿ

ಖಾಜಾ ಮಿಸ್ತ್ರಿಗೆ ನಮಸ್ಕಾರ ಹೇಳಿದರೆ ಉತ್ತರ ಬರುತ್ತಿರಲಿಲ್ಲ. ಮೊದಲು ಗಾಡಿಯ ಬಾನೆಟ್ ಎತ್ತುತ್ತಿದ್ದ. ಇಂಜಿನ್ನಿನ ಎಣ್ಣೆ ಅಳೆಯುವ ಕಡ್ಡಿ ಎಳೆದು, ತುದಿಯ ಎಣ್ಣೆಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ತಿಕ್ಕಿ, ಮೂಗಿಗೆ ಹಿಡಿಯುತ್ತಿದ್ದ. ಆ ಕೈಯನ್ನು ಗಡ್ಡಕ್ಕೆ ಒರೆಸಿದ ಮೇಲೆಯೇ, "ಹಾಂ, ಈಗ ಹೇಳ್ರಿ, ಆರಾಮ ಇದ್ದೀರಿ?" ಎನ್ನುವುದು. ಅದಕ್ಕೇ ಅವನ ಬಿಳಿ ಗಡ್ಡ ಒಂದು ಕಡೆ ಮಾತ್ರ ಕಪ್ಪಗಿತ್ತು.

ಭಾಲ್ಕಿಯಲ್ಲಿ, ಔರಾದ ಕಡೆ ಹೋಗುವ ರಸ್ತೆಯ ಪಕ್ಕ ಅವನ ಅಂಗಡಿ. ಅಂಗಡಿ ಅಂದರೆ ನಾಲ್ಕು ತಗಡು, ಒಂದು ಬೇವಿನ ಮರ. ಸಿಟ್ಟು ಬಹಳ. ಇವತ್ತು ಕೊಡುತ್ತೇನೆ ಅಂದ ಗಾಡಿಯನ್ನು ಇವತ್ತು ಕೊಟ್ಟವನಲ್ಲ. ಯಾಕೆ ಎಂದು ಕೇಳಿದರೆ, "ನೀವು ಇವತ್ತ್ ಬಿತ್ತಿ ನಾಳಿ ರಾಶಿ ಮಾಡ್ತೀರೇನು?" ಎಂದು ನಮ್ಮನ್ನೇ ಕೇಳುತ್ತಿದ್ದ.

ನನ್ನ ಮಗ ಮಾಳಪ್ಪ ಹಳೆಯ ಡೀಸೆಲ್ ಜೀಪು ಓಡಿಸುತ್ತಾನೆ. ಔರಾದದಿಂದ ಭಾಲ್ಕಿಗೆ ಜನ, ಕಮಲನಗರದ ಪೇಟೆಗೆ ಕುರಿ. ಜೀಪು ಅವನದು, ಕುರಿ ನನ್ನವು. ಅರ್ಧ ಹಿಂಡು ಮಾರಿಯೇ ಆ ಜೀಪು ತಂದದ್ದು. ಉಳಿದರ್ಧ ಮುಟ್ಟಬೇಡ ಎಂದು ಅವತ್ತೇ ಹೇಳಿದ್ದೆ.

ಒಂದು ಬೇಸಿಗೆಯಲ್ಲಿ ಜೀಪಿನ ಎಣ್ಣೆಯ ಕೆಂಪು ದೀಪ ಹತ್ತತೊಡಗಿತು. ಹೊರಡುವಾಗ ಇರುವುದಿಲ್ಲ. ಸ್ವಲ್ಪ ದೂರ ಜೋರಾಗಿ ಓಡಿಸಿದರೆ ಹತ್ತುತ್ತದೆ. ನಿಲ್ಲಿಸಿ ಚಹಾ ಕುಡಿದು ಬಂದು ಚಾಲೂ ಮಾಡಿದರೆ ಮತ್ತೆ ಇಲ್ಲ. ಔರಾದದ ಒಬ್ಬ ಮೆಕ್ಯಾನಿಕ್ ಬಾನೆಟ್ ಕೂಡ ಎತ್ತದೆ ಹೇಳಿಬಿಟ್ಟ: ಒಳಗೆ ಎಲ್ಲಾ ಸವೆದಿದೆ, ಬೇರೆ ಇಂಜಿನ್ ಕೂಡಿಸಬೇಕು. ಮಾಳಪ್ಪ ಮನೆಗೆ ಬಂದವನು ನನ್ನ ಮುಖ ನೋಡಲಿಲ್ಲ, ಕುರಿದೊಡ್ಡಿಯ ಕಡೆ ನೋಡಿದ. ನನಗೆ ತಿಳಿಯಿತು.

"ಮಾರೋಣ ಅವ್ವ. ಜೀಪ್ ನಿಂತ್ರ ಹೊಟ್ಟಿಗಿ ಏನ್ ತಿಂತಿ?"

"ನಿನ್ನ ಜೀಪ್ ಮರಿ ಹಾಕ್ತದೇನೋ?" ಎಂದೆ. "ಮೊದ್ಲು ಖಾಜಾಗ ತೋರ್ಸು. ನಾನೂ ಬರ್ತೇನಿ."

ಹೋದೆವು. ಖಾಜಾ ಕಡ್ಡಿ ಎಳೆದ, ತಿಕ್ಕಿದ, ಮೂಸಿದ. ಎಣ್ಣೆ ಗೀರಿನವರೆಗೂ ಇತ್ತು, ತೆಳ್ಳಗಾಗಿರಲಿಲ್ಲ, ಡೀಸೆಲ್ ಬೆರೆತ ವಾಸನೆಯೂ ಇರಲಿಲ್ಲ. ಮಾಳಪ್ಪನಿಗೆ ಅವಸರ.

"ಮಿಸ್ತ್ರಿ, ಜರಾ ದಪ್ಪನ್ ಎಣ್ಣಿ ಹಾಕಿ ಬಿಡ್ರಿ. ದೀಪ ಆರ್ತದಂತ."

"ಜ್ವರ ಬಂದವಗ ಕಂಬಳಿ ಹೊಚ್ಚಿ, ಜ್ವರ ಕಾಣವಲ್ದು ಅಂದಂಗ ಆಯ್ತು," ಎಂದ ಖಾಜಾ. "ದೀಪ ಖರೆ ಹೇಳ್ಲತ್ತದೋ ಸುಳ್ಳ ಹೇಳ್ಲತ್ತದೋ ಮೊದ್ಲು ನೋಡೋಣ. ಗೇಜ್ ಹಚ್ಚಿ ನೋಡ್ದೆ ಹೇಳಬಾರ್ದು."

ದೀಪಕ್ಕೆ ಸುದ್ದಿ ಮುಟ್ಟಿಸುವ ಸಣ್ಣ ಸ್ವಿಚ್ಚೊಂದು ಇಂಜಿನ್ನಿನ ಪಕ್ಕದಲ್ಲಿರುತ್ತದೆ. ಅದನ್ನು ಬಿಚ್ಚಿ ಆ ತೂತಿಗೆ ಎಣ್ಣೆಯ ಒತ್ತಡ ಅಳೆಯುವ ತನ್ನ ಗೇಜು ಹಚ್ಚಿದ. ಗೇಜು ನೋಡಲು ಗಡಿಯಾರದಂತೆ, ಆದರೆ ಒಂದೇ ಮುಳ್ಳು, ಉದ್ದನೆಯ ನಳಿಕೆ. ನಟ್ಟು ಬಿಚ್ಚುವ ಅವನ ಪಾನಾಗಳೆಲ್ಲ ಮಣ್ಣಿನಲ್ಲಿ ಬಿದ್ದಿರುತ್ತಿದ್ದವು. ಗೇಜನ್ನು ಮಾತ್ರ ಹಳೆಯ ಶಾಲಿನಲ್ಲಿ ಸುತ್ತಿ ಇಡುತ್ತಿದ್ದ. ಇಂಜಿನ್ ಚಾಲೂ ಮಾಡಿಸಿದ. ಮುಳ್ಳು ಏರಿ ನಿಂತಿತು. ಇಂಜಿನ್ ಕಾದು ಬಿಸಿಯಾಗುವವರೆಗೆ ಬೀಡಿ ಸೇದಿದ. ಆಮೇಲೆ, "ಈಗ ಒತ್ತು," ಎಂದ. ಮಾಳಪ್ಪ ಎಕ್ಸಿಲೇಟರ್ ಒತ್ತಿದ. ಮುಳ್ಳು ಏರುವುದು ಬಿಟ್ಟು ಇಳಿಯಿತು.

"ಬಂದ್ ಮಾಡು, ಬಂದ್ ಮಾಡು!" ಎಂದು ಕೂಗಿದ. ಮುಖದ ತುಂಬ ನಗು.

"ಅಕ್ಕಾ, ಒಳಗ ಸವದಿದ್ರ ಗಾಡಿ ನಿಂತಾಗ ಮುಳ್ಳು ಬೀಳ್ತದ, ಜೋರ್ ಮಾಡಿದ್ರ ಏರ್ತದ. ಇದು ಉಲ್ಟಾ ಅದ. ಪಂಪ್ ಎಣ್ಣಿ ಎಳೀಲತ್ತದ, ಆದ್ರ ಬಾಯಿಗಿ ಏನೋ ಅಡ್ಡ ಬಂದದ. ಜೋರ್ ಎಳದಷ್ಟು ಗಂಟಲ ಕಟ್ತದ."

"ಹಂಗಾದ್ರ ಕುರಿ?"

"ಕುರಿಗಿ ಏನ್ ಆಗ್ಯಾದ? ನಾ ಇಂಜಿನ್ ಮಾತ್ ಹೇಳ್ಲತ್ತೇನಿ."

"ನಾ ಕುರಿ ಮಾತೇ ಕೇಳ್ಲತ್ತೇನಿ. ಇಂಜಿನ್ ಸಲುವಾಗಿ ಇವ ಕುರಿ ಮಾರ್ಲಾಕ ಹೊಂಟಾನ."

ಎಣ್ಣೆ ಇಳಿಸಿ, ಇಂಜಿನ್ನಿನ ತಳದ ಚೇಂಬರ್ ಬಿಚ್ಚಿದ. ಪಂಪು ಎಣ್ಣೆ ಹೀರುವ ಬಾಯಿಗೆ ಒಂದು ಜಾಲರಿ ಇರುತ್ತದೆ, ಚಹಾ ಸೋಸುವ ಜರಡಿಯ ಹಾಗೆ. ಅದರ ತುಂಬ ಕಪ್ಪನೆಯದೇನೋ ಅಂಟಿತ್ತು. ಕಿತ್ತು, ಡೀಸೆಲ್ಲಿನಲ್ಲಿ ಜಾಲಾಡಿ, ನನ್ನ ಅಂಗೈಯಲ್ಲಿಟ್ಟ. ಹುಟ್ಟಿದಾಗಿನಿಂದ ಮುಟ್ಟಿದ ವಸ್ತು, ಕಣ್ಣು ಮುಚ್ಚಿದರೂ ಗೊತ್ತಾಗುತ್ತದೆ. ಉಣ್ಣೆ.

ನಾನು ಮಗನನ್ನು ನೋಡಿದೆ. ಅವನು ಬೇವಿನ ಮರ ನೋಡಿದ. ಎಣ್ಣೆ ಸುರಿಯುವ ಬಾಯಿಯ ಮುಚ್ಚಳ ಕಮಲನಗರದ ದಾರಿಯಲ್ಲಿ ಬಿದ್ದುಹೋಗಿತ್ತಂತೆ. ಹಳೆಯ ಕಂಬಳಿಯ ತುಂಡು ಹರಿದು ತುರುಕಿದ್ದನಂತೆ. ನಮ್ಮ ಮನೆಯಲ್ಲಿ ತೂತು ಕಂಡರೆ ಕಂಬಳಿ ತುರುಕುವುದೇ. ಗೋಡೆಯ ಬಿರುಕಿಗೂ ಅದೇ, ಗಡಿಗೆಯ ಬಾಯಿಗೂ ಅದೇ. ಇಂಜಿನ್ ಗಡಿಗೆಯಲ್ಲ ಎಂದು ಅವನಿಗೆ ಹೊಳೆದಿಲ್ಲ. ಕಂಬಳಿ ಎಳೆಎಳೆಯಾಗಿ ಬಿಚ್ಚಿಕೊಂಡು ಎಣ್ಣೆಯ ಜೊತೆ ತಳಕ್ಕಿಳಿದಿದೆ.

"ಕುರಿ ಮಾರ್ಲಾಕ ಹೊಂಟಿದ್ದಿ ಮಾಳಪ್ಪ," ಎಂದ ಖಾಜಾ, "ಕುರಿ ಒಳಗೇ ಕುಂತಿತ್ತು ನೋಡು."

ಜಾಲರಿ ತೊಳೆದು, ಹೊಸ ಫಿಲ್ಟರ್, ಹೊಸ ಎಣ್ಣೆ, ಹೊಸ ಮುಚ್ಚಳ ಹಾಕಿ, ಮತ್ತೆ ಗೇಜು ಹಚ್ಚಿ ನೋಡಿದ. ಒತ್ತಿದರೆ ಮುಳ್ಳು ಏರಿತು. ಸಂಜೆ ಕೊಡುತ್ತೇನೆ ಅಂದಿದ್ದ ಜೀಪನ್ನು ಮರುದಿನ ಕೊಟ್ಟ.

ಅವನೇನು ದೇವರಲ್ಲ. ಒಮ್ಮೆ ಬ್ರೇಕಿಗೆ ಏನೂ ಆಗಿಲ್ಲ ಅಂದ. ಅದೇ ವಾರ ಮಾಳಪ್ಪ ಜೀಪಿನ ಸಮೇತ ಯಾರದೋ ತೊಗರಿ ಹೊಲದಲ್ಲಿ ಹೋಗಿ ನಿಂತ. ನಾನು ಜಗಳಕ್ಕೆ ಹೋದರೆ, "ತಪ್ಪ್ ನಂದೇ ಅಕ್ಕಾ. ಬಿಚ್ಚಿ ನೋಡಿರ್ಲಿಲ್ಲ, ಬಾಯಿ ಮಾತ್ಲೆ ಹೇಳಿದ್ದೆ," ಎಂದ. ಜಗಳ ಅಲ್ಲಿಗೇ ಮುಗಿಯಿತು.

ಕೊನೆಯ ಸಲ ಅವನನ್ನು ಕಂಡದ್ದು ಚಳಿಗಾಲದಲ್ಲಿ. ಬಹಳ ಕೆಮ್ಮುತ್ತಿದ್ದ. ನಮ್ಮ ಕುರಿಯ ಉಣ್ಣೆಯದೇ ಒಂದು ಕಂಬಳಿ ಒಯ್ದು ಕೊಟ್ಟೆ. ಅದರ ಅಂಚನ್ನೂ ಎರಡು ಬೆರಳಲ್ಲಿ ತಿಕ್ಕಿ ಮೂಸಿದ. "ಮಾಲ್ ಅಸಲಿ ಅದ. ಇಂಜಿನ್ದಾಗೇ ನೋಡಿದ್ದೆ," ಎಂದ. ಬೇಸಿಗೆ ಬರುವುದರೊಳಗೆ ತೀರಿಕೊಂಡ. ಆ ಜಾಗದಲ್ಲಿ ಈಗ ಮೊಬೈಲ್ ಕವರ್ ಮಾರುತ್ತಾರೆ.

ಮೊನ್ನೆ ಕೆಂಪು ದೀಪ ಮತ್ತೆ ಹತ್ತಿತು. ಈ ಸಲ ಜೀಪನ್ನು ಬೀದರದ ಗ್ಯಾರೇಜಿಗೆ ಎಳೆಸಿಕೊಂಡು ಹೋದೆವು. ಅಲ್ಲಿಯ ಮೆಕ್ಯಾನಿಕ್ ದೂರದಿಂದಲೇ ನೋಡಿ, "ಹಳೀ ಗಾಡಿ ಅದ ಆಯಿ. ಇಂಜಿನ್ನೇ ಇಳಿಸ್ಬೇಕಾಗ್ತದ," ಎಂದ. ಮಾಳಪ್ಪ ಮೆಲ್ಲಗೆ ನನ್ನ ಕಡೆ ತಿರುಗಿದ. ದೊಡ್ಡಿ ಅಲ್ಲಿರಲಿಲ್ಲ, ಆದರೂ ಅವನ ಕಣ್ಣಲ್ಲಿ ನನ್ನ ಕುರಿ ಕಂಡವು.

"ಕಡ್ಡಿ ಎಳದಿ ಏನಪಾ?" ಎಂದು ಮೆಕ್ಯಾನಿಕನನ್ನು ಕೇಳಿದೆ.

"ಇನ್ನಾ ಇಲ್ರಿ."

"ಗೇಜ್ ಹಚ್ಚಿದಿ?"

"ಇಲ್ರಿ."

ಬಾನೆಟ್ ಎತ್ತಿಸಿದೆ. ಕಡ್ಡಿ ನಾನೇ ಎಳೆದೆ. ಎಣ್ಣೆ ತಿಕ್ಕಿದೆ, ಮೂಸಿದೆ. ನನಗೇನೂ ತಿಳಿಯಲಿಲ್ಲ. ಒರೆಸಿಕೊಳ್ಳಲು ಗಡ್ಡವಿಲ್ಲ, ಸೆರಗಿಗೆ ಒರೆಸಿಕೊಂಡೆ.

"ಹಾಂ," ಎಂದೆ, "ಈಗ ಗೇಜ್ ತಾ."