ಕೋಟಿನ ಕುಣಿಕೆ

ನಮ್ಮ ರಾದೊಮ್ ಊರಿನ ನಾಟಕ ನಿರ್ದೇಶಕ ಪ್ರೊಫೆಸರ್ ಲುಬೊಮಿರ್ ಜೀವಮಾನವಿಡೀ ರಂಗದಿಂದ ಏನಾದರೊಂದನ್ನು ತೆಗೆಯುತ್ತಲೇ ಬಂದರು. ಮೊದಲ ಗುರುವನ್ನು ಮೆಚ್ಚಿ ಪರದೆ ತೆಗೆದರು. ಎರಡನೆಯವರನ್ನು ಓದಿ ಮಾತು ತೆಗೆದರು. ಕೊನೆಗೆ ಸ್ವಂತ ಸಿದ್ಧಾಂತ ಹೊಳೆದು ನಟರನ್ನೇ ತೆಗೆದರು, ನನ್ನನ್ನೂ ಸೇರಿಸಿ. ಹಾಳಾಗಿ ಹೋಗಲಿ ಎಂದು ಆ ಖಾಲಿ ನಾಟಕಕ್ಕೆ ನಾನೂ ಟಿಕೆಟ್ ಕೊಂಡೆ.

ತೆಗೆಯಲಾಗದೆ ಉಳಿದವಳು ಬಾಗಿಲಲ್ಲಿ ಕೋಟು ಇಸಿದುಕೊಂಡು ಗೂಟಕ್ಕೆ ನೇತುಹಾಕುವ ಬೊಗುಮಿಲಾ ಒಬ್ಬಳೇ. ಅವಳಿಗೆ ಕೋಟು ಒಪ್ಪಿಸದೆ ಯಾರೂ ಒಳಗೆ ಹೋಗುವಂತಿಲ್ಲ. ಅಂದು ಸರದಿಯ ಮುಂದೆ ಪ್ರೊಫೆಸರೇ ನಿಂತಿದ್ದರು.

"ಕೋಟಿಗೆ ಕುಣಿಕೇನೇ ಇಲ್ವಲ್ರೀ! ಯಾವುದಕ್ಕೆ ನೇತುಹಾಕ್ಲಿ, ನನ್ನ ಕಿವಿಗಾ?"

"ಅನಗತ್ಯ ಅನ್ನಿಸ್ತು ಬೊಗುಮಿಲಾ ಅವ್ರೇ, ತೆಗೆದ್ಬಿಟ್ಟೆ."

"ತೆಗೆಯೋದು ಕಲಿಸೋಕೆ ಅಷ್ಟೊಂದು ಗುರುಗಳು, ಹೊಲಿಯೋದು ಕಲಿಸೋಕೆ ಒಬ್ರೂ ಸಿಗ್ಲಿಲ್ವಾ? ನಡೀರಿ ಆಚೆ!"

ಪ್ರೊಫೆಸರ್ ಗಳಗಳ ಅತ್ತರು. ನಾವು ನಿಂತಲ್ಲೇ ಚಪ್ಪಾಳೆ ತಟ್ಟಿ ಮನೆಗೆ ಹೋದೆವು. ಇದೇ ಅವರ ಶ್ರೇಷ್ಠ ನಾಟಕವೆಂದು ಪತ್ರಿಕೆಗಳು ಬರೆದವು.

ಪಾತ್ರದ ಆಸೆಗೆ ಮರುದಿನ ಸಂಜೆ ನಾನೂ ಕೋಟಿನ ಕುಣಿಕೆ ಕಿತ್ತುಕೊಂಡು ಹೋದೆ. ನೋಡಿದರೆ, ಸರದಿಯಲ್ಲಿದ್ದ ಎಲ್ಲರ ಕೈಯಲ್ಲೂ ಕುಣಿಕೆ ಕಿತ್ತ ಕೋಟು.