ಆಷಾಢದ ಅಮ್ಮ

ತುಮಕೂರಿನ ಬಟವಾಡಿಯಲ್ಲಿ ಅನುಪಮಾಳನ್ನು ತಿಳಿಯದವರು ಕಡಿಮೆ. ಬೂದುಬಣ್ಣದ ಒಂದು ಸ್ಕೂಟರು, ಅದರ ಕೊಕ್ಕೆಗೆ ತೂಗುಹಾಕಿದ ಚೀಲ, ಚೀಲದೊಳಗೆ ಅಳತೆಯ ಟೇಪು, ನಾಲ್ಕಾರು ಲೇಔಟುಗಳ ನಕ್ಷೆ, ಮತ್ತು ಮಗಳ ಒಂಟಿ ಸಾಕ್ಸು. ಆ ಸಾಕ್ಸಿನ ಜೊತೆಯದು ಎಲ್ಲಿದೆ ಎಂಬುದನ್ನು ಹುಡುಕಲು ಅವಳಿಗೆ ಬಿಡುವಿರಲಿಲ್ಲ. ಗುಬ್ಬಿಯಿಂದ ಕುಣಿಗಲ್ಲಿನವರೆಗೆ ಯಾರು ಸೈಟು ಮಾರುವುದಿದ್ದರೂ, ಯಾರು ಕೊಳ್ಳುವುದಿದ್ದರೂ ಮೊದಲ ಸುದ್ದಿ ಅವಳಿಗೇ ಬರುತ್ತಿತ್ತು. ಮಗಳ ಹಾಲುಹಲ್ಲು ಬಿದ್ದ ಸುದ್ದಿ ಮಾತ್ರ ಅತ್ತೆಯ ಬಾಯಿಂದ ತಿಳಿಯಬೇಕಾಗಿತ್ತು.

ಮಗಳು ದೀಪಿಕಾ ಈಗ ಮೂರನೆಯ ತರಗತಿ. ಸೈಟು ಕೊಳ್ಳಲು ಬರುವವರನ್ನು ಈ ವ್ಯಾಪಾರದಲ್ಲಿ ‘ಪಾರ್ಟಿ’ ಎನ್ನುತ್ತಾರಷ್ಟೆ. ‘ಪಾರ್ಟಿ ಕಾಯ್ತಾ ಇದಾರೆ’ ಎಂದು ಅಮ್ಮ ದಿನವೂ ಓಡುವುದನ್ನು ಕಂಡ ಮಗು, ಎಲ್.ಕೆ.ಜಿ.ಯಲ್ಲಿದ್ದಾಗ ಟೀಚರಿಗೆ, ನಮ್ಮಮ್ಮ ದಿನಾ ಪಾರ್ಟಿಗೆ ಹೋಗುತ್ತಾಳೆ, ಒಂದು ದಿನವೂ ಕೇಕ್ ತರುವುದಿಲ್ಲ ಎಂದು ಅಳುತ್ತ ದೂರು ಕೊಟ್ಟಿತ್ತು. ಟೀಚರು ಅನುಪಮಾಳನ್ನು ಕರೆಸಿ ಬಹಳ ಮೃದುವಾಗಿ, ಮನೆಯಲ್ಲಿ ಏನಾದರೂ ತೊಂದರೆ ಇದೆಯೇ ಎಂದು ವಿಚಾರಿಸಿದ್ದರು.

ಅನುಪಮಾಳ ತಲೆಯಲ್ಲಿ ಮನೆಯೂ ಸೈಟೂ ಒಂದೇ ಡಬ್ಬಿಯ ಬೇಳೆಕಾಳುಗಳಂತೆ ಬೆರೆತುಹೋಗಿದ್ದವು. ಊರ್ಡಿಗೆರೆಯ ಬಳಿ ಜಮೀನು ನೋಡಲು ಬಂದಿದ್ದ ಇಂಜಿನಿಯರೊಬ್ಬರಿಗೆ, ಮೊದಲು ಕೈಕಾಲು ತೊಳೆದುಕೊಂಡು ಬನ್ನಿ ಎಂದಿದ್ದಳು. ಅವರು ಪಾಪ, ಬೋರ್‌ವೆಲ್ ಹತ್ತಿರ ಹೋಗಿ ತೊಳೆದುಕೊಂಡೂ ಬಂದರು. ಶಾಲೆಯ ಪೋಷಕರ ಸಭೆಯಲ್ಲಿ ದೀಪಿಕಾಳ ಗಣಿತದ ಮಾತು ಬಂದಾಗ, ಸದ್ಯಕ್ಕೆ ಡೆವಲಪ್ ಆಗಿಲ್ಲ ಮೇಡಂ, ಎರಡು ವರ್ಷ ಕಾದರೆ ಒಳ್ಳೆ ರೇಟು ಬರುತ್ತೆ ಎಂದು ಸಮಾಧಾನ ಹೇಳಿ ಬಂದಿದ್ದಳು. ಗಂಡ ಚನ್ನೇಶ್ ಕುಣಿಗಲ್ಲಿನ ಒಂದು ಪ್ರೌಢಶಾಲೆಯಲ್ಲಿ ಗುಮಾಸ್ತ. ಬೆಳಿಗ್ಗೆ ಬಸ್ಸು ಹತ್ತಿದರೆ ದೀಪ ಹಚ್ಚುವ ಹೊತ್ತಿಗೆ ಇಳಿಯುವವನು. ಮಗಳ ಜಡೆ, ಊಟ, ಮಗ್ಗಿ ಎಲ್ಲವೂ ಅತ್ತೆ ಸರ್ವಮಂಗಳಮ್ಮನವರ ಪಾಲು.

ಇಂಥ ಅನುಪಮಾಳಿಗೆ ವರ್ಷದಲ್ಲಿ ಒಂದು ತಿಂಗಳು ಮಾತ್ರ ದೇವರು ಕೊಟ್ಟ ರಜೆ. ಅದು ಆಷಾಢ. ಆಷಾಢದಲ್ಲಿ ನಮ್ಮ ಕಡೆ ಯಾರೂ ಸೈಟು ನೋಡುವುದಿಲ್ಲ, ಅಡ್ವಾನ್ಸ್ ಕೊಡುವುದಿಲ್ಲ. ಹೊಸ ಮದುವಣಗಿತ್ತಿಯರು ಆ ತಿಂಗಳು ತೌರಿಗೆ ಹೋದರೆ, ಅನುಪಮಾ ತನ್ನ ಮನೆಗೇ ಬರುತ್ತಿದ್ದಳು. ‘ನಮ್ಮಮ್ಮ ಆಷಾಢಕ್ಕೆ ಬಂದವ್ಳೆ’ ಎಂದು ದೀಪಿಕಾ ಪಕ್ಕದ ಮನೆಯವರಿಗೆಲ್ಲ ಹೇಳಿಕೊಂಡು ಬರುತ್ತಿದ್ದಳು.

ಅನುಪಮಾಳಿಗೆ ಪಂಚಾಂಗದ ಮೇಲೆ ಅಂಥ ಭಕ್ತಿಯೇನೂ ಇರಲಿಲ್ಲ. ಆದರೆ ಆಷಾಢವನ್ನು ಅವಳಷ್ಟು ಕಟ್ಟುನಿಟ್ಟಾಗಿ ಕಾಪಾಡಿದವರು ಮಠದಲ್ಲಿಯೂ ಇರಲಿಲ್ಲ. ಸುಮ್ಮನೆ ನೋಡಿಕೊಂಡು ಹೋಗುತ್ತೇವೆ ಎಂದವರಿಗೂ, ಆಷಾಢದಲ್ಲಿ ಸೈಟಿನ ಕಲ್ಲನ್ನು ಕಣ್ಣಿಂದ ನೋಡಿದರೂ ಅದು ನೆಲೆ ನಿಲ್ಲುವುದಿಲ್ಲ ಎಂದು ಹೆದರಿಸುತ್ತಿದ್ದಳು. ಹೀಗೊಂದು ನಿಯಮ ಯಾವ ಶಾಸ್ತ್ರದಲ್ಲಿದೆ ಎಂದು ಸರ್ವಮಂಗಳಮ್ಮನವರೇ ಒಮ್ಮೆ ಕುತೂಹಲದಿಂದ ಕೇಳಿದ್ದರು.

ಈ ಸಲದ ಆಷಾಢಕ್ಕೆ ಒಂದು ವಿಶೇಷವಿತ್ತು. ತಿಂಗಳ ಕೊನೆಯ ಭಾನುವಾರ ಸಂಜೆ ಗುಬ್ಬಿಯ ಮೈದಾನದಲ್ಲಿ ಗಾಳಿಪಟದ ಸ್ಪರ್ಧೆ. ಮಕ್ಕಳು ತಾಯಿಯೊಂದಿಗೋ ತಂದೆಯೊಂದಿಗೋ ಜೋಡಿಯಾಗಿ ಹಾರಿಸಬೇಕು. ಅನುಪಮಾ ಕಡಬದವಳು. ಹುಡುಗಿಯಾಗಿದ್ದಾಗ ಕೆರೆಯ ಏರಿಯ ಮೇಲೆ ನಿಂತು ಅವಳು ಪಟ ಬಿಟ್ಟರೆ ಗಂಡುಹುಡುಗರು ತಮ್ಮ ದಾರ ಸುತ್ತಿಕೊಂಡು ಮನೆಗೆ ಹೋಗುತ್ತಿದ್ದರಂತೆ. ಹೋದ ವರ್ಷವೂ ಬರುತ್ತೇನೆಂದು ಮಗಳಿಗೆ ಮಾತು ಕೊಟ್ಟಿದ್ದಳು. ಆದರೆ ಆಷಾಢ ಮುಗಿಯುವವರೆಗೆ ತಡೆಯಲಾರದ ಪಾರ್ಟಿಯೊಂದು ಬಂದು, ಆ ಒಂದು ಸಲ ನಿಯಮ ಮುರಿದು ಅವರ ಹಿಂದೆ ಕುಣಿಗಲ್ಲಿಗೆ ಹೋಗಿಬಿಟ್ಟಳು. ಚನ್ನೇಶನೇ ಮಗಳ ಜೋಡಿಯಾಗಿ ಹೋಗಿ, ಪಟವನ್ನು ನೇರವಾಗಿ ಹುಣಿಸೆಮರಕ್ಕೆ ಒಪ್ಪಿಸಿ ಬಂದನು. ಸಂಜೆ ಮಗಳು ಅಳಲಿಲ್ಲ, ಮುನಿಯಲಿಲ್ಲ. ‘ಪರವಾಗಿಲ್ಲ ಬಿಡಮ್ಮ, ಪಾರ್ಟಿ ಇತ್ತಲ್ಲ’ ಎಂದಳು. ಅದಕ್ಕಿಂತ ಎರಡು ಏಟು ಹೊಡೆದಿದ್ದರೆ ವಾಸಿಯಾಗಿತ್ತು ಎಂದು ಅನುಪಮಾಳಿಗೆ ಅನ್ನಿಸಿತ್ತು. ಈ ವರ್ಷ ಮಗಳ ತಲೆಯ ಮೇಲೆ ಕೈಯಿಟ್ಟು ಬರುತ್ತೇನೆಂದಿದ್ದಳು.

ಸ್ಪರ್ಧೆಗೆ ವಾರವಿರುವಾಗ ಗುಬ್ಬಿಯ ಕೊಬ್ಬರಿ ವರ್ತಕ ಬಸವಪ್ರಭುಗಳು ಫೋನು ಮಾಡಿದರು. ಹಣೆಯ ತುಂಬ ವಿಭೂತಿ, ಬಾಯಿ ತುಂಬ ಶರಣರ ಮಾತು, ನೇರ ನಡೆ. ಅವರಿಗೆ ಗುಬ್ಬಿಯ ಲೇಔಟಿನಲ್ಲಿ ದೊಡ್ಡರಂಗಯ್ಯನ ಕಾರ್ನರ್ ಸೈಟು ಬೇಕಾಗಿತ್ತು. ಆ ಸೈಟು ವರ್ಷದಿಂದ ಅನುಪಮಾಳ ತಲೆಯ ಮೇಲೆ ಕುಳಿತಿತ್ತು. ಎಷ್ಟೋ ಪಾರ್ಟಿಗಳು ಬಂದು, ದಿಕ್ಕು ಸರಿಯಿಲ್ಲವೆಂದು ಮೂಗು ಮುರಿದು ಹೋಗಿದ್ದವು. ಬಸವಪ್ರಭುಗಳಿಗೆ ಎಲ್ಲ ದಿಕ್ಕೂ ಒಂದೇ. ಇಂಥ ಪಾರ್ಟಿ ಮತ್ತೆ ಸಿಕ್ಕುವುದಿಲ್ಲ. ಆದರೆ ಅವರು ಅಡ್ವಾನ್ಸ್ ಕೊಡಬೇಕೆಂದದ್ದು ಅದೇ ಭಾನುವಾರ.

ಅನುಪಮಾ ಮೊದಲು ಆಷಾಢವೆಂದಳು. ಶರಣರಿಗೆ ಆಷಾಢವಿಲ್ಲ ಎಂದರು. ಮಾರುವ ದೊಡ್ಡರಂಗಯ್ಯ ಒಪ್ಪುವುದಿಲ್ಲವೆಂದಳು. ಬಸವಪ್ರಭುಗಳು ಮರುದಿನವೇ ದೊಡ್ಡರಂಗಯ್ಯನ ಮನೆಗೆ ಹೋಗಿ, ಜಗಲಿಯ ಮೇಲೆ ಕುಳಿತು ಮೂಢನಂಬಿಕೆಯ ಮೇಲೆ ಎಷ್ಟು ಹೊತ್ತು ಮಾತಾಡಿದರೆಂದರೆ, ಆ ಮನುಷ್ಯ ಊಟಕ್ಕೆ ಏಳುವ ಸಲುವಾಗಿಯೇ ಒಪ್ಪಿಕೊಂಡನು. ಬೇರೆ ಬ್ರೋಕರೊಬ್ಬ ಭಾನುವಾರಕ್ಕೆ ತಯಾರಿದ್ದಾನೆಂಬುದನ್ನೂ ಬಸವಪ್ರಭುಗಳು ಮಾತಿನ ನಡುವೆ ತಿಳಿಸಿದರು.

ಅನುಪಮಾ ಇಲ್ಲಿಯೇ ತಪ್ಪಿದಳು. ಬೆಳಿಗ್ಗೆ ಬನ್ನಿ ಎಂದುಬಿಟ್ಟಿದ್ದರೆ ಅರ್ಧ ಗಂಟೆಯಲ್ಲಿ ಮುಗಿಯುತ್ತಿತ್ತು. ಆದರೆ ಬೆಳಿಗ್ಗೆ ಮಗಳೊಂದಿಗೆ ಕುಳಿತು ಬಿದಿರುಕಡ್ಡಿ ಸೀಳಿ ಪಟ ಅಂಟಿಸುವುದಿತ್ತು. ಇಡೀ ಭಾನುವಾರವನ್ನೇ ತಪ್ಪಿಸಬೇಕೆಂಬ ಆಸೆಯಾಯಿತು. ಬೆಳಿಗ್ಗೆ ಬೇರೆ ಕೆಲಸವಿದೆ, ಸಂಜೆ ನೋಡಿದರೆ ನಾಲ್ಕೂವರೆಯಿಂದ ರಾಹುಕಾಲ, ಅಂಥ ಹೊತ್ತಿನಲ್ಲಿ ದೊಡ್ಡವರು ದುಡ್ಡು ಮುಟ್ಟಬಾರದು ಎಂದು ದನಿಯನ್ನು ನಡುಗಿಸಿ ಹೇಳಿದಳು.

ಆ ಕಡೆ ಬಸವಪ್ರಭುಗಳು ಮಕ್ಕಳಂತೆ ಸಂತೋಷಪಟ್ಟರು.

“ರಾಹುಕಾಲನಾ? ಹಂಗಾದ್ರೆ ಅದೇ ಹೊತ್ತು ಕಣವ್ವ. ನಾಲ್ಕು ಜನ ನೋಡ್ಲಿ.”

ಅನುಪಮಾ ಫೋನು ಕೆಳಗಿಟ್ಟು, ತನ್ನ ನಾಲಗೆಯನ್ನು ತಾನೇ ಕಚ್ಚಿಕೊಂಡಳು. ಮಗಳಿಗೆ ಹೇಳಲು ಬಾಯಿ ಬರಲಿಲ್ಲ. ಅತ್ತೆಗೆ ಹೇಳಿದಾಗ ಅವರು ಬೆಳ್ಳುಳ್ಳಿ ಸುಲಿಯುತ್ತಲೇ, ಇಲ್ಲದ ಶಾಸ್ತ್ರವನ್ನೆಲ್ಲ ಹುಟ್ಟಿಸಿದವಳು ನೀನು, ನೀನೇ ಅನುಭವಿಸು ಎಂದರು. ಸ್ವಲ್ಪ ತಡೆದು, ಮೈದಾನಕ್ಕೆ ನಾನೂ ಬರುತ್ತೇನೆ ಎಂದೂ ಸೇರಿಸಿದರು.

ಲೇಔಟು ಮೈದಾನದ ಬೇಲಿಯಾಚೆಗೇ ಇತ್ತು. ಪಟವನ್ನು ಮೇಲೇರಿಸಿ, ದಾರವನ್ನು ಮಗಳ ಕೈಗಿತ್ತು, ಓಡಿಹೋಗಿ ಅಡ್ವಾನ್ಸ್ ಮುಗಿಸಿ, ಓಡಿಬರುವುದೆಂದು ಅನುಪಮಾ ಲೆಕ್ಕ ಹಾಕಿದ್ದಳು. ಆಷಾಢದ ಗಾಳಿಗೆ ಈ ಲೆಕ್ಕ ತಿಳಿದಿರಲಿಲ್ಲ. ಪಟ ಎರಡು ಸಲ ನೆಲಕ್ಕೆ ಮೂಗು ತಾಗಿಸಿತು. ಅನುಪಮಾ ಸೂತ್ರವನ್ನು ಬಿಚ್ಚಿ ಹೊಸದಾಗಿ ಕಟ್ಟಿ, ಸೀರೆಯ ಸೆರಗಿನ ಅಂಚನ್ನು ಹರಿದು ಬಾಲಂಗೋಚಿಗೆ ಸೇರಿಸಿದಳು. ಅದು ಮದುವೆಮನೆಗೆ ಉಡುವ ಸೀರೆಯೆಂದು ಸರ್ವಮಂಗಳಮ್ಮ ಕೊಡೆಯ ನೆರಳಿನಿಂದ ನೆನಪಿಸಿದರು. ಮೂರನೆಯ ಸಲ ಪಟ ಎದ್ದಿತು. ತೆಂಗಿನ ಗರಿಗಳನ್ನು ದಾಟಿ, ಬೇರೆ ಪಟಗಳನ್ನು ದಾಟಿ ಮೇಲೆ ಮೇಲೆ ಹೋಯಿತು. ದೀಪಿಕಾ ಅಮ್ಮನ ಸೊಂಟಕ್ಕೆ ಒರಗಿ, ದಾರದ ಉಂಡೆಯನ್ನು ಎರಡು ಕೈಯಲ್ಲಿ ಹಿಡಿದು, ಬಾಯಿ ತೆರೆದು ನೋಡುತ್ತಿದ್ದಳು.

ಫೋನು ಬಡಿದುಕೊಳ್ಳತೊಡಗಿತು. ಎರಡು ಕೈಯೂ ದಾರದ ಮೇಲಿದ್ದುದರಿಂದ ಅನುಪಮಾ ಅದನ್ನು ಎತ್ತಿಕೊಳ್ಳಿ ಎಂದು ಅತ್ತೆಗೆ ಹೇಳಿದಳು. ಸರ್ವಮಂಗಳಮ್ಮ ಕರೆದವರಿಗೆಲ್ಲ, ಆಷಾಢ ಕಣಪ್ಪ, ಶ್ರಾವಣಕ್ಕೆ ಮಾಡು ಎಂದು ಹೇಳಿ ಕತ್ತರಿಸತೊಡಗಿದರು. ಅವರಲ್ಲಿ ಬಸವಪ್ರಭುಗಳೂ ಒಬ್ಬರಾಗಿದ್ದರು. ಐದು ನಿಮಿಷದಲ್ಲಿ ಅವರೇ ಮೈದಾನಕ್ಕೆ ನಡೆದುಬಂದರು. ಹಿಂದೆ ದೊಡ್ಡರಂಗಯ್ಯ, ಸಾಲ ಕೊಟ್ಟವನ ಮದುವೆಗೆ ಬಂದವನಂತೆ ಕಾಲೆಳೆಯುತ್ತಿದ್ದನು.

“ಅನುಪಮಮ್ಮ, ಬನ್ನಿ ಬನ್ನಿ. ರಾಹುಕಾಲ ಮೀರಿಹೋಗುತ್ತೆ.”

ದೀಪಿಕಾ ಸೊಂಟಕ್ಕೆ ಒರಗಿದ್ದ ಮೈಯನ್ನು ತುಸು ಸರಿಸಿಕೊಂಡಳು, ಅಮ್ಮನಿಗೆ ಹೋಗಲು ದಾರಿ ಬಿಡುವವಳಂತೆ. ಅಷ್ಟೇ ಸಾಕಾಯಿತು. ಕಾರ್ನರ್ ಸೈಟೂ ಬೇರೆ ಬ್ರೋಕರೂ ಅನುಪಮಾಳ ತಲೆಯಿಂದ ಇಳಿದುಹೋದರು.

“ಯಜಮಾನ್ರೇ, ನಾನ್ ಸುಳ್ಳು ಹೇಳ್ದೆ. ಆಷಾಢನೂ ಇಲ್ಲ, ಏನೂ ಇಲ್ಲ. ಇವಳ ಜೊತೆ ಪಟ ಬಿಡ್ತೀನಿ ಅಂತ ಮಾತು ಕೊಟ್ಟಿದೀನಿ. ಈಗ ಬರಕ್ಕಾಗಲ್ಲ.”

“ಒಂದ್ ಗಳಿಗೆ ಕಣವ್ವ. ರಾಹುಕಾಲದಲ್ಲೇ ಕೊಡ್ಬೇಕು ಅಂತ ಊರಿಗೆಲ್ಲ ಹೇಳಿದೀನಿ.”

“ಎಲ್ಲ ಹೊತ್ತೂ ಒಂದೇ ಅಂತೀರಲ್ಲ, ನಾಳೆ ಬೆಳಿಗ್ಗೆನೂ ಅದೇ ಹೊತ್ತಲ್ವಾ? ನಮ್ಮತ್ತೆನೂ ಇಷ್ಟೊಂದು ಗಡಿಯಾರ ನೋಡಲ್ಲ.”

ಬಸವಪ್ರಭುಗಳ ಬೆರಳು ಮಣಿಕಟ್ಟಿನ ಗಡಿಯಾರದ ಮೇಲೆಯೇ ಇತ್ತು. ಅವರು ಅದನ್ನು ಮೆಲ್ಲನೆ ತೆಗೆದು ಜುಬ್ಬದ ಜೇಬಿಗೆ ಹಾಕಿಕೊಂಡರು. ಕೊಬ್ಬರಿ ಹರಾಜಿನಲ್ಲಿ ಎಂದೂ ಸೋಲದ ಮುಖ ಕೆಂಪಾಗಿ, ಆಮೇಲೆ ಸಡಿಲವಾಗಿ, ಕೊನೆಗೆ ಅವರು ಹೊಟ್ಟೆ ಕುಲುಕಿಸಿ ನಗತೊಡಗಿದರು. ದೊಡ್ಡರಂಗಯ್ಯ ತಾನೂ ನಗಬಹುದೆಂದು ತಿಳಿದು, ಅವರಿಗಿಂತ ಜೋರಾಗಿ ನಕ್ಕನು.

“ಸರಿ, ಸಿಕ್ಕಾಕೊಂಡೆ. ನಾಳೆ ಯಾವ ಹೊತ್ತು, ನೀವೇ ಹೇಳಿ,” ಎಂದರು ಬಸವಪ್ರಭುಗಳು.

“ಇವಳನ್ನ ಸ್ಕೂಲ್ ಬಸ್ ಹತ್ತಿಸಿದ್ಮೇಲೆ ಯಾವ ಹೊತ್ತಾದ್ರೂ ಸರಿ.”

ಈ ಮಾತುಕತೆಯಲ್ಲಿ ದಾರ ಸಡಿಲವಾಗಿ ಪಟ ಗೋತಾ ಹೊಡೆಯಿತು.

“ಅಮ್ಮ, ಪಾರ್ಟಿನ ಆಮೇಲೆ ನೋಡ್ಕೋ. ಎಳಿ ಈಗ,” ಎಂದು ದೀಪಿಕಾ ಗದರಿದಳು.

ಅನುಪಮಾ ಎಳೆದಳು, ಎಳೆಯುತ್ತ ಹಿಂದಕ್ಕೆ ಓಡಿ ದೊಡ್ಡರಂಗಯ್ಯನ ಕಾಲು ತುಳಿದಳು, ಬಸವಪ್ರಭುಗಳು ಕೈಯೆತ್ತಿ, ಎಡಕ್ಕೆ, ಎಡಕ್ಕೆ ಎಂದು ಕೂಗಿದರು. ಬೇಲಿಗೆ ತಾಗಲಿದ್ದ ಪಟ ಹೇಗೋ ತಲೆಯೆತ್ತಿ ಮತ್ತೆ ಆಕಾಶ ಸೇರಿತು. ಬಹುಮಾನ ಬೇರೆ ಯಾರಿಗೋ ಹೋಯಿತು. ಜನರೆಲ್ಲ ಚದುರಿ, ಸರ್ವಮಂಗಳಮ್ಮ ಕೊಡೆ ಮಡಿಚಿದ ಮೇಲೂ ದೀಪಿಕಾ ದಾರ ಸುತ್ತಲು ಒಪ್ಪಲಿಲ್ಲ. ಸುತ್ತೆಂದು ಅನುಪಮಾಳೂ ಹೇಳಲಿಲ್ಲ.