ಜಯಣ್ಣನ 'ಹರಟೆ' ಟ್ಯಾಗು

ಜಯಣ್ಣ ಯಂತ್ರದ ಜೊತೆ ಬಹುವಚನದಲ್ಲಿ ಮಾತಾಡುತ್ತಿದ್ದರು, ನಮ್ಮ ಜೊತೆ ಏಕವಚನದಲ್ಲಿ. ಕಂಪ್ಯೂಟರಿನೊಳಗಿನ ಏಜೆಂಟಿಗೆ "ದಯವಿಟ್ಟು ಇದನ್ನೊಂದು ನೋಡಿ" ಎಂದು ಟೈಪ್ ಮಾಡಿದ ಅದೇ ಬೆರಳನ್ನು ನನ್ನ ಕಡೆ ತಿರುಗಿಸಿ, "ನೀನೆಂತ ಕಣ್ಣು ಬಿಡುವುದು? ತಲೆ ಮನೆಯಲ್ಲಿಟ್ಟು ಬಂದದ್ದಾ?" ಎನ್ನುತ್ತಿದ್ದರು. ಸಿಟ್ಟಿನಲ್ಲಿ ಹೇಳಿದ್ದರೆ ತಡೆದುಕೊಳ್ಳಬಹುದಿತ್ತು. ಈ ಮನುಷ್ಯ ನಗುತ್ತಾ ಹೇಳುತ್ತಿದ್ದರು.

ಮಂಜೇಶ್ವರದಲ್ಲಿ ಒಂದು ಬೇಕರಿಯ ಮಾಳಿಗೆಯಲ್ಲಿ ನಮ್ಮ ಆಫೀಸು. ರೋಗಿಗಳ ಮಂಚ, ಗಾಲಿಕುರ್ಚಿ, ಉಸಿರಾಟದ ಮಷೀನು ಬಾಡಿಗೆಗೆ ಕೊಡುವ ವ್ಯಾಪಾರ. ಗಿರಾಕಿಗಳು ಕನ್ನಡ, ತುಳು, ಮಲಯಾಳ ಎಲ್ಲ ಕಲಸಿ ವಾಟ್ಸಾಪಿಗೆ ಹಾಕಿದ್ದನ್ನು ಎಐ ಏಜೆಂಟುಗಳು ಓದಿ, ಕೇಳಿ, ನಮ್ಮ ಸ್ಕ್ರೀನಿನ ಮೇಲೆ ಒಂದೊಂದು ಕೆಲಸವಾಗಿ ಜೋಡಿಸುತ್ತಿದ್ದವು. ಆ ಕೆಲಸವನ್ನು ಮುಂದೆ ಎಂತ ಮಾಡಬೇಕು ಎಂದು ಅವಕ್ಕೆ ಗೊತ್ತಾಗುವುದು ಟ್ಯಾಗಿನಿಂದ. 'ರಿಪೇರಿ' ಎಂದಿದ್ದರೆ ಮೆಕ್ಯಾನಿಕ್ಕಿಗೆ ಹೋಗುತ್ತದೆ, 'ತುರ್ತು' ಎಂದಿದ್ದರೆ ನಮ್ಮೆಲ್ಲರ ಫೋನು ಬಡಿದುಕೊಳ್ಳುತ್ತದೆ. ಟ್ಯಾಗು ಮಾಡುವ ಅಧಿಕಾರ ಜಯಣ್ಣನಿಗೆ ಮಾತ್ರ.

ಅದರಲ್ಲಿ ಅವರು ನಿಪುಣರು, ಸುಳ್ಳು ಹೇಳಬಾರದು. ಶಾರ್ಜಾದ ಯಾವುದೋ ಗೋದಾಮಿನಲ್ಲಿ ಪೆಟ್ಟಿಗೆಗಳಿಗೆ ಚೀಟಿ ಅಂಟಿಸಿ ಅಂಟಿಸಿ ಅರ್ಧ ಆಯುಷ್ಯ ಕಳೆದವರು. ನನಗೆ ಈ ಕೆಲಸ ಕಲಿಸಿದವರೂ ಅವರೇ. "ಟ್ಯಾಗು ಅಂದ್ರೆ ಹೆಸರಲ್ಲ ಮಾರಾಯ್ತಿ, ಅಪ್ಪಣೆ. ಮನುಷ್ಯರಿಗೆ ಅಪ್ಪಣೆ ಕೊಟ್ಟರೆ ಮೋರೆ ಊದಿಸ್ತಾರೆ. ಇವು ನೋಡು, ಹೇಳಿದ್ದಷ್ಟು ಮಾಡ್ತವೆ" ಎನ್ನುತ್ತಿದ್ದರು. ಸಂಜೆ ಎಲ್ಲರಿಗೂ ತಮ್ಮ ದುಡ್ಡಿನಲ್ಲೇ ಗೋಳಿಬಜೆ ತರಿಸುವರು. ಒಂದು ಬಾಯಿಗಿಡುವಷ್ಟರಲ್ಲಿ, "ತಿನ್ನು ತಿನ್ನು, ಮನೆಯಲ್ಲಿ ಅತ್ತೆ ಹಾಕುವುದಿಲ್ಲ ಅಂತ ಕಾಣ್ತದೆ" ಎಂದು ಅದನ್ನು ಗಂಟಲಲ್ಲಿ ಸಿಕ್ಕಿಸುವರು. ಆದರೂ ಅವರು ರಜೆ ಹಾಕಿದ ದಿನ ಆಫೀಸು ಬಿಕೋ ಎನ್ನುತ್ತಿತ್ತು.

ನಮ್ಮ ಕಡೆಯ ಹಿರಿಯರು ವಿಷಯಕ್ಕೆ ನೇರ ಬರುವವರಲ್ಲ. ನೇರ ಬಂದರೆ ಮರ್ಯಾದೆ ಅಲ್ಲ. ಊಟ ಆಯ್ತಾ, ಅಲ್ಲಿ ಮಳೆ ಉಂಟಾ, ಮಕ್ಕಳೆಲ್ಲ ಸೌಖ್ಯವಾ ಎಂದೆಲ್ಲ ಕೇಳಿ ಮುಗಿದ ಮೇಲೆ, ಫೋನು ಇಡುವ ಹೊತ್ತಿಗೆ, "ಹಾಂ, ಮತ್ತೆ, ಅದೊಂದು ಸಣ್ಣ ವಿಷಯ" ಎನ್ನುತ್ತಾರೆ. ಕುಂಜತ್ತೂರಿನ ನಿವೃತ್ತ ಮಾಸ್ತರರೊಬ್ಬರು ಗಾಲಿಕುರ್ಚಿಯ ಚಕ್ರ ಕಳಚಿದ್ದನ್ನು ಹೇಳಲಿಕ್ಕೆ ಇಂಥದೊಂದು ಉದ್ದದ ವಾಯ್ಸ್ ಮೆಸೇಜು ಕಳಿಸಿದ್ದರು. ಜಯಣ್ಣ ಅದನ್ನು ಸ್ಪೀಕರಿನಲ್ಲಿ ಹಾಕಿ, ಮಾಸ್ತರರ ಕೆಮ್ಮನ್ನೂ ಅನುಕರಣೆ ಮಾಡಿ ತೋರಿಸಿದರು. ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆವತ್ತೇ ಅವರು 'ಹರಟೆ' ಎಂಬ ಟ್ಯಾಗು ಮಾಡಿದ್ದು.

ಅದರ ಅಪ್ಪಣೆ ಇಷ್ಟೆ: ಈ ಟ್ಯಾಗು ಬಿದ್ದ ನಂಬ್ರದಿಂದ ಎಂತ ಬಂದರೂ ಸಿಹಿಯಾಗಿ ಮಾತಾಡಿ, ಎಲ್ಲದಕ್ಕೂ ಹೌದು ಅನ್ನಿ, ಅಲ್ಲೇ ಮುಗಿಸಿ, ಸಿಬ್ಬಂದಿಗೆ ತೋರಿಸಬೇಡಿ.

"ಪ್ರಾಯದವರಿಗೆ ಬೇಕಾದ್ದು ಚಕ್ರ ಅಲ್ಲ, ಕಿವಿ. ಕಿವಿ ಕೊಡುವ, ನಮ್ಮದೆಂತ ಹೋಗ್ತದೆ?" ಎಂದರು.

"ನಿಜವಾಗಿ ಮಷೀನು ಹಾಳಾದ್ರೆ ಜಯಣ್ಣ?"

"ಹಾಳಾದವರು ಊಟ ಆಯ್ತಾ ಅಂತ ಕೇಳ್ತಾರಾ? ನಿನಗೆ ಸಂಬಳ ಹೆದರಲಿಕ್ಕೆ ಕೊಡುವುದಾ?"

ಕುಂಬಳೆಯಲ್ಲಿ ಅವರಿಗೊಬ್ಬರು ಅಕ್ಕ ಇದ್ದರು, ಲೀಲಕ್ಕ. ತಾಯಿ ಬೇಗ ಹೋದ್ದರಿಂದ ಜಯಣ್ಣನನ್ನು ಎತ್ತಿ ಆಡಿಸಿ ಬೆಳೆಸಿದವರು. ಶ್ವಾಸಕೋಶ ಹಾಳಾಗಿ, ನಮ್ಮದೇ ಆಫೀಸಿನ ಮಷೀನು ಮೂಗಿಗೆ ಹಾಕಿಕೊಂಡು ಕೂರುತ್ತಿದ್ದರು. ಮಗಳು ಕಾಸರಗೋಡಿಗೆ ಕೆಲಸಕ್ಕೆ ಹೋದ ಮೇಲೆ ಹೊತ್ತು ಹೋಗದೆ ತಮ್ಮನಿಗೆ ಫೋನು ಮಾಡುವರು. "ಎಂತ ನಿನ್ನ ರಗಳೆ? ನನಗೆ ಕೆಲಸ ಉಂಟು. ಫೋನ್ ಮಾಡ್ಬೇಡ, ಹೇಳ್ಲಿಕ್ಕಿದ್ರೆ ಆಫೀಸಿನ ವಾಟ್ಸಾಪಿಗೆ ಹಾಕು" ಎಂದು ಜಯಣ್ಣ ಗದರುವರು. ಲೀಲಕ್ಕ ಪಾಪ ಹಾಗೇ ಮಾಡತೊಡಗಿದರು. ಒಂದು ದಿನ ಜಯಣ್ಣ ನನ್ನ ಕಣ್ಣೆದುರೇ ಅಕ್ಕನ ನಂಬ್ರಕ್ಕೆ 'ಹರಟೆ' ಹಾಕಿದರು. ತಮಾಷೆ ಎಂದುಕೊಂಡೆ. ಆದರೆ ಅದನ್ನು ತೆಗೆಯಲೇ ಇಲ್ಲ. ಲೀಲಕ್ಕನ ಫೋನು ಪೂರ್ತಿ ನಿಂತಿತು. "ನೋಡಿದಿಯಾ, ಒಂದೇ ಟ್ಯಾಗಿನಲ್ಲಿ ನೆಮ್ಮದಿ" ಎಂದು ಬೀಗಿದರು.

ಆಮೇಲೊಂದು ಮಧ್ಯಾಹ್ನ ಲೀಲಕ್ಕನ ಮಷೀನು ಕೆಟ್ಟು ನಿಂತಿತು. ಸಂಜೆ ಮಗಳು ಬಾಗಿಲು ತೆಗೆಯುವಾಗ ಜೀವ ಹೋಗಿ ಆಗಿತ್ತು.

ಉತ್ತರಕ್ರಿಯೆ ಎಲ್ಲ ಮುಗಿಸಿ ಜಯಣ್ಣ ಆಫೀಸಿಗೆ ಬಂದರು. ಮೋರೆ ಇಳಿದುಹೋಗಿತ್ತು. ಯಾರಾದರೂ ಸಮಾಧಾನ ಹೇಳಬೇಕು ಎನ್ನುವಷ್ಟರಲ್ಲಿ ಶುರು ಮಾಡಿದರು: "ಕೈಯಲ್ಲಿ ಫೋನು ಉಂಟು, ತಮ್ಮ ಇದೇ ಕೆಲಸದಲ್ಲಿದ್ದಾನೆ. ಒಂದು ಮಾತು ಹೇಳ್ಲಿಕ್ಕೆ ಎಂತ ಧಾಡಿ ಇವಳಿಗೆ? ದಡ್ಡಿ, ಮೊದಲಿಂದಲೂ ದಡ್ಡಿ!"

ಸತ್ತವಳನ್ನೂ ಬಿಡಲಿಲ್ಲವಲ್ಲ ಎಂದು ನನಗೆ ಮೈ ಉರಿದುಹೋಯಿತು. ಮುಗಿಸಿಟ್ಟ ಕೆಲಸಗಳಲ್ಲಿ ಲೀಲಕ್ಕನ ನಂಬ್ರ ಹುಡುಕಿ, ಆ ಮಧ್ಯಾಹ್ನದ ವಾಯ್ಸ್ ಮೆಸೇಜನ್ನು ಎಲ್ಲರೆದುರು ಸ್ಪೀಕರಿನಲ್ಲೇ ಹಾಕಿದೆ. ಅದು ಕ್ರೂರ ಆಯಿತು ಎಂದು ಆಮೇಲೆ ಹೇಳಿದವರಿದ್ದಾರೆ. ಹೇಳಲಿ.

"ಜಯಾ, ಊಟ ಆಯ್ತಾ? ಇಲ್ಲಿ ಮಳೆ ಬಿಡ್ಲೇ ಇಲ್ಲ. ಕೊಡೆ ತಕೊಂಡು ಹೋಗಿದ್ದಿಯಲ್ಲ? ಹಾಂ, ಮತ್ತೆ, ಈ ಮಷೀನು ನಿಂತಿದೆ ಮಾರಾಯ. ಸ್ವಲ್ಪ ಉಬ್ಬಸ ಆಗ್ತಾ ಉಂಟು. ಪುರುಸೊತ್ತಾದ್ರೆ ಯಾರನ್ನಾದ್ರೂ ಕಳಿಸ್ತಿಯಾ?"

ಏಜೆಂಟಿನ ಉತ್ತರವನ್ನು ನಾನೇ ಓದಿದೆ: "ಹೌದು ಅಕ್ಕ, ಖಂಡಿತ. ನಿಮ್ಮ ಮಾತು ಕೇಳಿ ತುಂಬ ಸಂತೋಷವಾಯಿತು. ನೀವು ಆರಾಮವಾಗಿರಿ."

"ನಿಲ್ಲಿಸು" ಎಂದರು ಜಯಣ್ಣ. ಇನ್ನೊಂದು ಉಂಟು ಎಂದೆ. ಹಾಕಿದೆ. ಲೀಲಕ್ಕನ ಮಾತು ತುಂಡು ತುಂಡಾಗಿ ಬರುತ್ತಿತ್ತು.

"ನೀನು ಈಗ... ಎಷ್ಟು ಚಂದ ಮಾತಾಡ್ತಿ ಜಯಾ. ಮೊದಲೆಲ್ಲ ಬೈತಿದ್ದಿ. ಮಗಳ ಹತ್ರ ಹೇಳಿದ್ದೇನೆ... ತಮ್ಮ ಈಗ ಬದಲಾಗಿದ್ದಾನೆ ಅಂತ. ನೀನೇ ಬರ್ತಿಯಾ? ನೀನು ಬರುದಾದ್ರೆ... ನಾನು ಬೇರೆ ಯಾರನ್ನೂ ಕರೆಯುದಿಲ್ಲ."

ಜಯಣ್ಣ ಮೇಜು ಹಿಡಿದುಕೊಂಡು ನಿಂತಿದ್ದರು. ನಾನು ಅವರನ್ನು ಕೊನೆಯದಾಗಿ ನೋಡಿದ್ದು ಆಗಲೇ. ಆಮೇಲೆ ಮೆಟ್ಟಿಲಿಳಿದು ಹೋದವರು ಆಫೀಸಿಗೂ ಬರಲಿಲ್ಲ, ಊರಿನಲ್ಲೂ ಸಿಗಲಿಲ್ಲ.

ಹೋಗುವ ಮೊದಲು, "ಅದಕ್ಕೆ ಎಂತ ಉತ್ತರ ಕೊಟ್ಟಿದೆ?" ಎಂದು ಅವರೇ ಕೇಳಿದರು.

ಓದಿ ಹೇಳಿದೆ: "ಹೌದು ಅಕ್ಕ, ನಾನೇ ಬರುತ್ತೇನೆ."